ಲೇತ್‌ನಲ್ಲಿ ಅಲ್ಯೂಮಿನಿಯಂ ಕೆಲಸ: ಕಟಿಂಗ್ ಆಯಿಲ್ ಆರಿಸುವುದು ಹೇಗೆ?

ಅಲ್ಯೂಮಿನಿಯಂ ಮೆತ್ತಗಿನ ಲೋಹ, ಅದಕ್ಕೆ ಎಣ್ಣೆ ಗಿಣ್ಣೆ ಏನೂ ಬೇಡ ಎನ್ನುವವರಿದ್ದಾರೆ. ಸೀಮೆಎಣ್ಣೆ ಬಿಟ್ಟು ಬೇರೇನನ್ನೂ ಹಾಕಬಾರದು ಎನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ನಿಜ ಇದೆ, ಆದರೆ ಯಾವ ಕೆಲಸಕ್ಕೆ ಎಂದು ಇಬ್ಬರೂ ಹೇಳುವುದಿಲ್ಲ. ಹೊರಮೈ ಟರ್ನಿಂಗ್ (ತಿರುಗುವ ತುಂಡಿನ ಹೊರಭಾಗ ಕಡಿಯುವುದು) ಮಾಡುವಾಗ ಒಣಗಿಯೇ, ಅಂದರೆ ಎಣ್ಣೆ ಇಲ್ಲದೆಯೇ, ಚೆನ್ನಾಗಿ ಬರುವ ಅದೇ ಜಾಬ್‌ಗೆ (ಕೆಲಸ ಮಾಡುತ್ತಿರುವ ತುಂಡಿಗೆ) ಟ್ಯಾಪ್ (ರಂಧ್ರದೊಳಗೆ ಥ್ರೆಡ್ ಕೊರೆಯುವ ಸಾಧನ) ಹಾಕುವಾಗ ಎಣ್ಣೆ ಇಲ್ಲದಿದ್ದರೆ ಟ್ಯಾಪ್ ಒಳಗೇ ಮುರಿದು ಕೂರುತ್ತದೆ. ಹಾಗಾಗಿ "ಒಳ್ಳೆಯ ಆಯಿಲ್ ಯಾವುದು" ಎಂದು ಕೇಳುವ ಮೊದಲು ಆಯಿಲ್ ಯಾವ ತೊಂದರೆಯನ್ನು ತಪ್ಪಿಸಬೇಕು ಎಂದು ನೋಡೋಣ.

ತೊಂದರೆ ಬಿಸಿಯದ್ದಲ್ಲ, ಅಂಟುವುದರದ್ದು

ಉಕ್ಕು ಕಡಿಯುವಾಗ ದೊಡ್ಡ ಶತ್ರು ಬಿಸಿ. ಅಲ್ಯೂಮಿನಿಯಂನಲ್ಲಿ ಕತೆ ಬೇರೆ. ಶುದ್ಧ ಅಲ್ಯೂಮಿನಿಯಂ ಸಾಧಾರಣ ಉಕ್ಕಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಬಿಸಿಯನ್ನು ಸಾಗಿಸುತ್ತದೆ. ಕಡಿಯುವ ಜಾಗದ ಬಿಸಿಯಲ್ಲಿ ಬಹುಪಾಲು ಚಿಪ್ಸ್ (ಕಡಿದು ಬರುವ ಲೋಹದ ಚೂರುಗಳು) ಜೊತೆ ಹೊರಗೆ ಹೋಗುತ್ತದೆ, ಉಳಿದದ್ದು ಜಾಬ್ ತುಂಬ ಹರಡಿಕೊಳ್ಳುತ್ತದೆ. ಟೂಲ್ ಸುಟ್ಟು ಹೋಗುವುದು ಅಪರೂಪ.

ಆದರೆ ಹೊಸದಾಗಿ ಕಡಿದ ಅಲ್ಯೂಮಿನಿಯಂ ಟೂಲ್‌ನ ಅಂಚಿಗೆ ಅಂಟಿಕೊಳ್ಳುತ್ತದೆ. ಒತ್ತಡಕ್ಕೆ, ಬಿಸಿಗೆ ಅದು ಅಲ್ಲೇ ಬೆಸುಗೆಯಾಗುತ್ತದೆ. ಒಂದು ಪದರದ ಮೇಲೆ ಇನ್ನೊಂದು ಪದರ ಕೂರುತ್ತದೆ. ಗುದ್ದಲಿಗೆ ಹಸಿ ಎರೆಮಣ್ಣು ಮೆತ್ತಿಕೊಂಡ ಹಾಗೆ, ಆಮೇಲೆ ಕಡಿಯುತ್ತಿರುವುದು ಟೂಲ್ ಅಂಚಲ್ಲ, ಅದಕ್ಕೆ ಮೆತ್ತಿದ ಗಂಟು. ಇದನ್ನು ವರ್ಕ್‌ಶಾಪ್‌ಗಳಲ್ಲಿ ಬಿಲ್ಟ್-ಅಪ್ ಎಡ್ಜ್ ಅನ್ನುತ್ತಾರೆ.

ಗುರುತಿಸುವುದು ಸುಲಭ. ಜಾಬ್ ಮೇಲೆ ಹೊಳಪಿನ ಬದಲು ಹರಿದ ಹಾಗೆ, ಮಂಕಾಗಿ ಕಾಣುವ ಗೆರೆಗಳು ಬರುತ್ತವೆ. ಅಳತೆ ಸುಮ್ನೆ ಓಡಾಡುತ್ತದೆ. ಗಂಟು ಟೂಲ್ ತುದಿಗಿಂತ ಮುಂದೆ ಚಾಚಿರುತ್ತದಲ್ವಾ, ಅದಕ್ಕೇ ಹೊರ ವ್ಯಾಸ ನೀವು ಇಟ್ಟದ್ದಕ್ಕಿಂತ ಚಿಕ್ಕದಾಗಿ, ಬೋರ್ (ಒಳಗಿನ ರಂಧ್ರ) ದೊಡ್ಡದಾಗಿ ಬರುತ್ತದೆ. ಲೇತ್ ನಿಲ್ಲಿಸಿ ಭೂತಗನ್ನಡಿಯಲ್ಲಿ ಟೂಲ್ ತುದಿ ನೋಡಿ. ಬೆಳ್ಳಗೆ ಮಿನುಗುವ ಚೂರು ಕೂತಿದ್ದರೆ ಅದೇ.

ಅಲ್ಯೂಮಿನಿಯಂಗೆ ಬಳಸುವ ದ್ರವದ ಮೊದಲ ಕೆಲಸ ಈ ಅಂಟುವಿಕೆಯನ್ನು ತಡೆಯುವುದು. ಎರಡನೆಯದು ಚಿಪ್ಸ್ ತೊಳೆದು ಹಾಕುವುದು. ತಂಪು ಮಾಡುವುದು ಮೂರನೆಯದು. ಆಯ್ಕೆ ಮಾಡುವಾಗ ಈ ಕ್ರಮವನ್ನು ಮರೆಯದಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಹೆಜ್ಜೆ 1: ಕೈಯಲ್ಲಿರುವ ಅಲ್ಯೂಮಿನಿಯಂ ಯಾವುದು ನೋಡಿ

ಎಲ್ಲ ಅಲ್ಯೂಮಿನಿಯಂ ಒಂದೇ ಥರ ಅಲ್ಲ. ಮುಂದೆ ಬರುವ ಅಂಕಿಗಳು ಅದರ ಗ್ರೇಡ್‌ಗಳ ಹೆಸರು. 1100ರಂಥ ಹೆಚ್ಚುಕಡಿಮೆ ಶುದ್ಧ ಲೋಹ ತುಂಬ ಅಂಟು. ಅದಕ್ಕೆ ಎಣ್ಣೆ ಬೇಕೇ ಬೇಕು. 6061-ಟಿ6 ಮಧ್ಯಮ. ಒಳ್ಳೆಯ ಟೂಲ್ ಇದ್ದರೆ ಸುಮಾರು ಕೆಲಸ ಒಣಗಿಯೇ ಆಗುತ್ತದೆ. 2024 ಮತ್ತು 7075 ಗಟ್ಟಿ, ಚಿಪ್ಸ್ ಚೆನ್ನಾಗಿ ಬಿಡುತ್ತವೆ. 2011ರಲ್ಲಿ ಸೀಸ, ಬಿಸ್ಮತ್ ಸೇರಿಸಿರುವುದರಿಂದ ಚಿಪ್ಸ್ ತುಂಡು ತುಂಡಾಗಿ ಉದುರುತ್ತವೆ. ಅದರ ಮೇಲೆ ಕೆಲಸ ಮಾಡುವುದೇ ಒಂದು ಸುಖ.

ಎರಕದ ಅಲ್ಯೂಮಿನಿಯಂನಲ್ಲಿ ಸಿಲಿಕಾನ್ ಇರುತ್ತದೆ. ಎ356ರಲ್ಲಿ ಸುಮಾರು 7%, 390ರಲ್ಲಿ ಸುಮಾರು 17%. ಸಿಲಿಕಾನ್ ಕಣಗಳು ಟೂಲನ್ನು ಉಜ್ಜಿ ಸವೆಸುತ್ತವೆ. ಇಲ್ಲಿ ಅಂಟುವುದಕ್ಕಿಂತ ಸವೆತ ದೊಡ್ಡ ಸಮಸ್ಯೆ. ಎಣ್ಣೆ ಬದಲಿಸಿದರೆ ಸವೆತ ಅಷ್ಟೇನೂ ಕಡಿಮೆಯಾಗುವುದಿಲ್ಲ. ಕಾರ್ಬೈಡ್ ಎಂಬ ತುಂಬ ಗಟ್ಟಿ ವಸ್ತುವಿನ ಟೂಲ್ ಬೇಕು, ಸಿಲಿಕಾನ್ ತೀರ ಜಾಸ್ತಿ ಇದ್ದರೆ ವಜ್ರದ ತುದಿಯ ಪಿಸಿಡಿ ಟೂಲ್ ಬೇಕು.

ಯಾವ ಗ್ರೇಡ್ ಎಂದು ಗೊತ್ತಿಲ್ಲದ ಗುಜರಿ ತುಂಡಾದರೆ ಒಂದು ಸಣ್ಣ ಪಾಸ್ (ಟೂಲನ್ನು ಒಂದು ಸಲ ಓಡಿಸಿ ಕಡಿಯುವುದು) ಒಣಗಿ ತೆಗೆದು ನೋಡಿ. ಉದ್ದ ಉದ್ದ ಮೆತ್ತನೆಯ ಸುರುಳಿ ಬಂದು ಮೈ ಮಂಕಾದರೆ ಅಂಟು ಜಾತಿ. ಗರಿಗರಿಯಾಗಿ ಮುರಿಯುವ ಚಿಪ್ಸ್ ಬಂದರೆ ನಿಮ್ಮ ಅದೃಷ್ಟ.

ಹೆಜ್ಜೆ 2: ಆಯಿಲ್ ಕೊಳ್ಳುವ ಮೊದಲು ಟೂಲ್ ನೋಡಿ

ಈ ಹೆಜ್ಜೆಯನ್ನು ಹಾರಿಸಿ ಮುಂದೆ ಹೋಗುವವರೇ ಹೆಚ್ಚು. ಉಕ್ಕಿಗೆ ಮಾಡಿದ, ಅಂಚು ದುಂಡಾಗಿರುವ ಕೋಟೆಡ್ ಇನ್ಸರ್ಟ್ (ಹೋಲ್ಡರ್‌ಗೆ ಕೂರಿಸುವ, ಬದಲಿಸಬಹುದಾದ ಕಡಿಯುವ ತುದಿ) ಹಾಕಿಕೊಂಡು ಎಷ್ಟು ದುಬಾರಿ ಆಯಿಲ್ ಸುರಿದರೂ ಫಿನಿಶ್ ಬರುವುದಿಲ್ಲ.

ಅಲ್ಯೂಮಿನಿಯಂಗೆ ಚೂಪಾದ ಅಂಚು, ಜಾಸ್ತಿ ರೇಕ್ ಕೋನ (ಚಿಪ್ ಜಾರಿಹೋಗುವ ಮೈಯ ಓರೆ), ಹೊಳೆಯುವ ಮೇಲ್ಮೈ ಇರುವ ಕೋಟಿಂಗ್ ಇಲ್ಲದ ಕಾರ್ಬೈಡ್ ಇನ್ಸರ್ಟ್ ಬೇಕು. ಇನ್ಸರ್ಟ್‌ನ ಕೋಡ್ ಹೇಳುವಾಗ ಸಿಸಿಎಂಟಿ ಬದಲು ಸಿಸಿಜಿಟಿ, ಡಿಸಿಎಂಟಿ ಬದಲು ಡಿಸಿಜಿಟಿ ಎಂದು ಕೇಳಿ. ಅವುಗಳ ಅಂಚನ್ನು ಗ್ರೈಂಡ್ ಮಾಡಿ ಚೂಪು ಮಾಡಿರುತ್ತಾರೆ. ಹೋಲ್ಡರ್ ಅದೇ ಸಾಕು. ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್ ಇರುವುದನ್ನು ಬಿಡಿ. ಕೋಟಿಂಗ್‌ನಲ್ಲೇ ಅಲ್ಯೂಮಿನಿಯಂ ಇರುವುದರಿಂದ ಜಾಬ್ ಅದಕ್ಕೆ ಇನ್ನೂ ಬೇಗ ಅಂಟುತ್ತದೆ. ಕೋಟಿಂಗ್ ಬೇಕೇ ಬೇಕಿದ್ದರೆ ಟೈಟಾನಿಯಂ ಡೈಬೋರೈಡ್ ಅಥವಾ ಡಿಎಲ್‌ಸಿ (ವಜ್ರದಂಥ ಇಂಗಾಲದ ಪದರ) ಒಳ್ಳೆಯದು.

ಎಚ್‌ಎಸ್‌ಎಸ್ (ಹೈಸ್ಪೀಡ್ ಸ್ಟೀಲ್) ಟೂಲನ್ನು ಕೈಯಲ್ಲೇ ಸಾಣೆ ಹಿಡಿಯುವವರು ಗ್ರೈಂಡರ್‌ನಿಂದ ತೆಗೆದ ಮೇಲೆ ಎಣ್ಣೆ ಕಲ್ಲಿನ ಮೇಲೆ ಮೇಲ್ಭಾಗವನ್ನು ಉಜ್ಜಿ ಹೊಳಪು ಬರಿಸಿ. ಗ್ರೈಂಡರ್ ಬಿಟ್ಟ ಗೀರುಗಳಲ್ಲೇ ಅಲ್ಯೂಮಿನಿಯಂ ಮೊದಲು ಹಿಡಿದುಕೊಳ್ಳುವುದು.

ಸ್ಪೀಡ್ ಕೂಡ ಇಲ್ಲೇ ನೋಡಿಕೊಳ್ಳಿ. ವೇಗ ಕಡಿಮೆಯಾದಷ್ಟೂ ಅಂಟುವುದು ಜಾಸ್ತಿ. ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಲೆಕ್ಕ ಹೀಗೆ: ಬೇಕಾದ ವೇಗವನ್ನು ನಿಮಿಷಕ್ಕೆ ಮೀಟರ್‌ನಲ್ಲಿ ಇಟ್ಟು 1000ದಿಂದ ಗುಣಿಸಿ, 3.14 ಮತ್ತು ಮಿ.ಮೀ. ವ್ಯಾಸದ ಗುಣಲಬ್ಧದಿಂದ ಭಾಗಿಸಿ. 30 ಮಿ.ಮೀ. ಜಾಬ್‌ಗೆ 150 ಮೀಟರ್ ವೇಗ ಬೇಕೆಂದರೆ ಸುಮಾರು 1600 ಆರ್‌ಪಿಎಂ. ಕಾರ್ಬೈಡ್ ಇದಕ್ಕಿಂತ ಎಷ್ಟೋ ಜಾಸ್ತಿ ತಡೆಯುತ್ತದೆ. ಚಿಕ್ಕ ಜಾಬ್‌ನಲ್ಲಿ ಮಾತ್ರ ಲೇತ್ ಕೈಕೊಡುತ್ತದೆ. 12 ಮಿ.ಮೀ. ಸರಳನ್ನು 1000 ಆರ್‌ಪಿಎಂನಲ್ಲಿ ತಿರುಗಿಸಿದರೆ ವೇಗ ಬರೀ 38 ಮೀಟರ್. ಸ್ಪೀಡ್ ಸಿಗದ ಇಂಥ ಕಡೆಯೇ ಎಣ್ಣೆಯ ಬೆಲೆ ಗೊತ್ತಾಗುವುದು. ಸ್ಪೀಡ್ ಏರಿಸುವ ಮೊದಲು ನಿಮ್ಮ ಚಕ್ (ಜಾಬ್ ಹಿಡಿದು ತಿರುಗುವ ಭಾಗ) ಮೇಲೆ ಬರೆದಿರುವ ಗರಿಷ್ಠ ಮಿತಿ ನೋಡಿ.

ಹೆಜ್ಜೆ 3: ಯಾವ ಕೆಲಸ ಅಂತ ವಿಂಗಡಿಸಿ

ಹೊರಮೈ ಟರ್ನಿಂಗ್ ಮತ್ತು ಫೇಸಿಂಗ್‌ನಲ್ಲಿ (ಜಾಬ್‌ನ ತುದಿಯ ಮುಖ ಸಮ ಮಾಡುವುದು) ಚಿಪ್ಸ್ ತಾನಾಗಿಯೇ ಹೊರಗೆ ಹಾರುತ್ತವೆ. ಟೂಲ್ ಸರಿ ಇದ್ದರೆ ಒಣಗಿಯೇ ಸಾಕು. ಕೊನೆಯ ಫಿನಿಶ್ ಪಾಸ್‌ಗೆ ಬ್ರಷ್‌ನಲ್ಲಿ ಒಂದಿಷ್ಟು ತೆಳು ಎಣ್ಣೆ ಸವರಿದರೆ ಹೊಳಪು ಚೆನ್ನಾಗಿ ಬರುತ್ತದೆ.

ಡ್ರಿಲ್ಲಿಂಗ್ ಹಾಗಲ್ಲ. ಡ್ರಿಲ್ಲಿನ ತೋಡಿನಲ್ಲಿ ಚಿಪ್ಸ್ ತುಂಬಿಕೊಂಡು ಗಟ್ಟಿಯಾಗಿ ಬೆಸೆದುಕೊಂಡರೆ ಡ್ರಿಲ್ ಕಡಿಯುವುದು ನಿಂತು ಉಜ್ಜತೊಡಗುತ್ತದೆ. ರಂಧ್ರದ ಆಳ ವ್ಯಾಸದ ಮೂರು ಪಟ್ಟು ದಾಟಿದರೆ ಆಗಾಗ ಹೊರಗೆ ಎಳೆದು, ಚಿಪ್ಸ್ ತೆಗೆದು, ಎಣ್ಣೆ ಬಿಟ್ಟು ಮತ್ತೆ ಒಳಗೆ ಹೋಗಿ. ಬೋರಿಂಗ್‌ನಲ್ಲೂ (ಇರುವ ರಂಧ್ರವನ್ನು ದೊಡ್ಡದು ಮಾಡುವುದು) ಚಿಪ್ಸ್ ಹೊರಗೆ ಬರುವುದೇ ದೊಡ್ಡ ಸಮಸ್ಯೆ.

ಪಾರ್ಟಿಂಗ್ (ಜಾಬನ್ನು ಕಡಿದು ಬೇರ್ಪಡಿಸುವುದು) ಎಲ್ಲರಿಗೂ ಭಯ ಹುಟ್ಟಿಸುವ ಕೆಲಸ. ಕಿರಿದಾದ ಸಂದಿಯಲ್ಲಿ ಚಿಪ್ ಸಿಕ್ಕಿಕೊಂಡರೆ ಟೂಲ್ ಒಳಗೆ ಎಳೆದುಕೊಂಡು ಮುರಿಯುತ್ತದೆ. ಇಲ್ಲಿ ಎಣ್ಣೆ ನಿಲ್ಲಿಸಬೇಡಿ, ಸಂದಿಯೊಳಗೇ ಬೀಳುವ ಹಾಗೆ ಬಿಡುತ್ತಲೇ ಇರಿ.

ಟ್ಯಾಪಿಂಗ್, ರೀಮಿಂಗ್ (ರಂಧ್ರವನ್ನು ನಿಖರ ಅಳತೆಗೆ ನುಣುಪು ಮಾಡುವುದು), ಟೂಲ್‌ನಿಂದ ಥ್ರೆಡ್ಡಿಂಗ್ ಇವು ನಿಧಾನದ ಕೆಲಸಗಳು. ಇವನ್ನು ಒಣಗಿ ಮಾಡಲೇಬೇಡಿ. ಲೋಹವನ್ನು ಕಡಿಯದೆ ಒತ್ತಿ ಥ್ರೆಡ್ ಮಾಡುವ ಫಾರ್ಮಿಂಗ್ ಟ್ಯಾಪ್ ಆದರಂತೂ ಜಾರಿಕೆ ಗುಣ ಜಾಸ್ತಿ ಇರುವ ಎಣ್ಣೆಯೇ ಬೇಕು. ನರ್ಲಿಂಗ್‌ಗೆ (ಹಿಡಿತಕ್ಕೆಂದು ಹಲ್ಲಿನ ಚಕ್ರದಿಂದ ಮೈ ಮೇಲೆ ಅಚ್ಚು ಒತ್ತುವುದು) ತೆಳು ಎಣ್ಣೆ ಧಾರಾಳವಾಗಿ ಹಾಕಿ. ಉದುರುವ ಪುಡಿ ಚಕ್ರದ ಹಲ್ಲುಗಳ ನಡುವೆ ಕೂತರೆ ಅಚ್ಚು ಕೆಡುತ್ತದೆ.

ಹೆಜ್ಜೆ 4: ದ್ರವಗಳನ್ನು ಒಂದೊಂದಾಗಿ ನೋಡೋಣ

ಸೀಮೆಎಣ್ಣೆ. ಹಳೆಯ ಮದ್ದು, ಇವತ್ತಿಗೂ ಕೆಲಸ ಮಾಡುತ್ತದೆ. ತುಂಬ ತೆಳು, ಟೂಲ್ ಮತ್ತು ಚಿಪ್ ನಡುವೆ ಸಲೀಸಾಗಿ ನುಗ್ಗುತ್ತದೆ, ಕಲೆ ಬಿಡುವುದಿಲ್ಲ. ಆದರೆ ಜಾರಿಕೆ ಗುಣ ಕಡಿಮೆ. ಅದಕ್ಕೇ ಹಿಂದಿನ ಮೆಷಿನಿಸ್ಟರು ಅದಕ್ಕೆ ಹಂದಿ ಕೊಬ್ಬಿನ ಎಣ್ಣೆ ಬೆರೆಸುತ್ತಿದ್ದರು. ಈಗ ತೆಳು ಕಟಿಂಗ್ ಆಯಿಲ್ ಬೆರೆಸಿದರೂ ನಡೆಯುತ್ತದೆ. ತೊಂದರೆ ಎರಡು. ವಾಸನೆ ಮತ್ತು ಬೆಂಕಿ. ಸುಮಾರು 38 ಡಿಗ್ರಿ ಸೆಲ್ಸಿಯಸ್‌ನಿಂದಲೇ ಸೀಮೆಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳಬಹುದು. ಬಿಸಿಯಾದ ಜಾಬ್ ಮೇಲೆ ಮಂಜಿನಂತೆ ಸಿಂಪಡಿಸಬೇಡಿ, ಬ್ರಷ್‌ನಲ್ಲಿ ಸವರಿ. ಇದರ ಜಾಗದಲ್ಲಿ ಪೆಟ್ರೋಲ್ ಬಳಸುವ ಯೋಚನೆಯನ್ನಂತೂ ಬಿಟ್ಟೇಬಿಡಿ.

ಡಬ್ಲ್ಯುಡಿ-40. ಇದನ್ನು 1953ರಲ್ಲಿ ರೂಪಿಸಿದ್ದು ನೀರನ್ನು ಓಡಿಸಿ ತುಕ್ಕು ತಡೆಯಲು, ಲೋಹ ಕಡಿಯಲು ಅಲ್ಲ. ಆದರೂ ಅಲ್ಯೂಮಿನಿಯಂ ಮೇಲೆ ಚೆನ್ನಾಗಿ ನಡೆಯುತ್ತದೆ. ಕಾರಣ ಸರಳ, ಇದರ ಬಹುಪಾಲು ಸೀಮೆಎಣ್ಣೆಯ ನೆಂಟನೇ ಆದ ತೆಳು ಪೆಟ್ರೋಲಿಯಂ ದ್ರವ. ಸಣ್ಣ ಪುಟ್ಟ ಟರ್ನಿಂಗ್, ಡ್ರಿಲ್ಲಿಂಗ್‌ಗೆ ಸಾಕು. ಆಳದ ಟ್ಯಾಪಿಂಗ್‌ಗೆ ಸಾಲದು. ಸ್ಪ್ರೇ ಡಬ್ಬಿಗಿಂತ ಕ್ಯಾನ್‌ನಲ್ಲಿ ಕೊಂಡು ಹಿಂಡುವ ಬಾಟಲಿಗೆ ತುಂಬಿಕೊಂಡರೆ ಖರ್ಚೂ ಕಡಿಮೆ, ಗಾಳಿಗೆ ಹಾರುವುದೂ ಕಡಿಮೆ.

ಸ್ಪಿರಿಟ್, ಐಸೊಪ್ರೊಪೈಲ್ ಆಲ್ಕೋಹಾಲ್. ಜಿಡ್ಡು ಉಳಿಸದೆ ಆರಿ ಹೋಗುತ್ತದೆ, ಅದೇ ಇದರ ಆಕರ್ಷಣೆ. ಆದರೆ ಐಸೊಪ್ರೊಪೈಲ್ ಆವಿ ಸುಮಾರು 12 ಡಿಗ್ರಿಯಲ್ಲೇ ಹೊತ್ತಿಕೊಳ್ಳುತ್ತದೆ, ಅಂದರೆ ಮಾಮೂಲಿ ಕೋಣೆಯಲ್ಲಿ ಯಾವಾಗಲೂ ಅಪಾಯವೇ. ಮೆಥನಾಲ್ ಬೆರೆಸಿದ ಸ್ಪಿರಿಟ್ ಆದರೆ ಆವಿಯೂ ವಿಷ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ, ಉರಿದರೆ ಜ್ವಾಲೆ ಬೆಳಕಿನಲ್ಲಿ ಕಾಣುವುದೇ ಕಷ್ಟ. ತಿರುಗುವ ಚಕ್ ಇದನ್ನು ಸುತ್ತಲೂ ಎರಚುತ್ತದೆ. ಲೇತ್‌ಗೆ ಇದು ಬೇಡ ಎನ್ನುವುದೇ ನನ್ನ ಅಭಿಪ್ರಾಯ.

ತೆಳು ಕಟಿಂಗ್ ಆಯಿಲ್. ನೀರು ಬೆರೆಸದೆ ನೇರವಾಗಿ ಬಳಸುವ ಎಣ್ಣೆ. ಥ್ರೆಡ್ಡಿಂಗ್, ಟ್ಯಾಪಿಂಗ್, ರೀಮಿಂಗ್‌ಗೆ ಇದಕ್ಕಿಂತ ಒಳ್ಳೆಯದು ಕಡಿಮೆ. ಡಬ್ಬಿಯ ಮೇಲೆ ಅಲ್ಯೂಮಿನಿಯಂಗೆ ಅಥವಾ ಕಬ್ಬಿಣೇತರ ಲೋಹಗಳಿಗೆ ಎಂದು ಬರೆದಿರಬೇಕು. ಪೈಪ್ ಥ್ರೆಡ್ಡಿಂಗ್‌ಗೆ ಬರುವ ಕಪ್ಪು, ಗಂಧಕದ ವಾಸನೆಯ ದಪ್ಪ ಎಣ್ಣೆ ಉಕ್ಕಿಗೆ ಮಾಡಿದ್ದು. ಅದರಲ್ಲಿರುವ ಸಕ್ರಿಯ ಗಂಧಕ ತಾಮ್ರ, ಹಿತ್ತಾಳೆಯನ್ನು ಕಪ್ಪಾಗಿಸುತ್ತದೆ. ತಾಮ್ರ ಬೆರೆತ 2024ರಂಥ ಮಿಶ್ರಲೋಹದ ಮೇಲೆ ಅದನ್ನು ಹಾಕದಿರುವುದೇ ಕ್ಷೇಮ. ಬೇರೆ ಅಲ್ಯೂಮಿನಿಯಂಗೂ ಅಷ್ಟು ದಪ್ಪ ಎಣ್ಣೆಯಿಂದ ಲಾಭವಿಲ್ಲ, ಚಿಪ್ಸ್ ಎಲ್ಲ ಅಂಟಂಟಾಗುತ್ತದೆ ಅಷ್ಟೆ.

ಕ್ಲೋರಿನ್ ಸೇರಿದ ದ್ರವಗಳ ಬಗ್ಗೆಯೂ ಹುಷಾರು. ಹಿಂದೆ ಕೆಲವು ಟ್ಯಾಪಿಂಗ್ ದ್ರವಗಳಲ್ಲಿ 1,1,1-ಟ್ರೈಕ್ಲೋರೋಈಥೇನ್ ಇರುತ್ತಿತ್ತು. ಅದು ಹೊಸದಾಗಿ ಕಡಿದ ಅಲ್ಯೂಮಿನಿಯಂ ಜೊತೆ ಪ್ರತಿಕ್ರಿಯಿಸುತ್ತದೆ. ಓಜೋನ್ ಪದರಕ್ಕೆ ಹಾನಿಕರವೆಂದು ಮಾಂಟ್ರಿಯಲ್ ಒಪ್ಪಂದದಡಿ ಅದನ್ನು ಕೈಬಿಟ್ಟರು. ಯಾರದೋ ಹಳೆಯ ವರ್ಕ್‌ಶಾಪ್‌ನಿಂದ ಬಂದ, ಲೇಬಲ್ ಹರಿದ ಡಬ್ಬಿ ಇದ್ದರೆ ಅಲ್ಯೂಮಿನಿಯಂ ಹತ್ತಿರ ತರಬೇಡಿ.

ಸೊಲ್ಯುಬಲ್ ಆಯಿಲ್. ನೀರಿಗೆ ಹಾಕಿದರೆ ಹಾಲಿನಂತಾಗುವ ಕೂಲೆಂಟ್. ಪಂಪ್ ಮತ್ತು ಟ್ರೇ ಇರುವ, ದಿನವೂ ಓಡುವ ಲೇತ್‌ಗೆ ಇದೇ ಸರಿ. ತೊಳೆಯುತ್ತದೆ, ತಂಪು ಮಾಡುತ್ತದೆ, ಬೆಂಕಿಯ ಭಯವಿಲ್ಲ. ಸಾಮಾನ್ಯ ಟರ್ನಿಂಗ್‌ಗೆ 5ರಿಂದ 6%, ಟ್ಯಾಪಿಂಗ್ ಇದ್ದರೆ 8ರಿಂದ 10% ಇಡುತ್ತಾರೆ. ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಅಂತಿಮ. 10 ಲೀಟರ್‌ಗೆ 8% ಎಂದರೆ 9.2 ಲೀಟರ್ ನೀರು, 800 ಮಿ.ಲೀ. ಎಣ್ಣೆ. ಮೊದಲು ನೀರು, ಆಮೇಲೆ ಕಲಕುತ್ತಾ ಎಣ್ಣೆ. ತಿರುವುಮುರುವು ಮಾಡಿದರೆ ಗಡ್ಡೆ ಗಡ್ಡೆಯಾಗಿ ಒಡೆಯುತ್ತದೆ. ಗಡಸು ನೀರಿನಲ್ಲಿ ಸಾಬೂನಿನಂಥ ಕೆನೆ ಕಟ್ಟುತ್ತದೆ, ಆದ್ದರಿಂದ ಮೆದು ನೀರು ಬಳಸಿ.

ಅಲ್ಯೂಮಿನಿಯಂ ಮಟ್ಟಿಗೆ ಇಲ್ಲಿ ಪಿಎಚ್ ಮುಖ್ಯ. ಈ ಲೋಹ ಆಮ್ಲಕ್ಕೂ ಕ್ಷಾರಕ್ಕೂ ಕರಗುವ ಜಾತಿ. ಕೂಲೆಂಟ್‌ಗಳನ್ನು ಬ್ಯಾಕ್ಟೀರಿಯಾ ಬೆಳೆಯದಂತೆ, ತುಕ್ಕು ಹಿಡಿಯದಂತೆ ಸ್ವಲ್ಪ ಕ್ಷಾರವಾಗಿಯೇ ಇಟ್ಟಿರುತ್ತಾರೆ. ಪಿಎಚ್ 8.5ರಿಂದ 9.2ರ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅದಕ್ಕಿಂತ ಮೇಲೆ ಹೋದಷ್ಟೂ ಬೂದು, ಕಪ್ಪು ಕಲೆ ಬೀಳುವ ಸಾಧ್ಯತೆ ಜಾಸ್ತಿ. ಪರೀಕ್ಷಾ ಪಟ್ಟಿಯಲ್ಲಿ ನೋಡಿಕೊಳ್ಳಿ. ಒದ್ದೆ ಜಾಬನ್ನು ರಾತ್ರಿಯಿಡೀ ಟ್ರೇನಲ್ಲಿ ಬಿಡಬೇಡಿ.

ವಾರಕ್ಕೊಮ್ಮೆ ಓಡುವ ಚಿಕ್ಕ ಲೇತ್‌ಗೆ ಈ ಹಾಲಿನಂಥ ಕೂಲೆಂಟ್ ನಾನು ಹೇಳುವುದಿಲ್ಲ. ನಿಂತರೆ ಕೊಳೆತು ನಾರುತ್ತದೆ. ಸ್ಯಾಡಲ್ (ಟೂಲ್ ಹೊತ್ತು ಸರಿಯುವ ಭಾಗ) ಅಡಿಗೆ ನುಗ್ಗಿ ಬೆಡ್ (ಅದು ಸರಿಯುವ ಲೇತ್‌ನ ತಳ) ಮೇಲಿನ ಎಣ್ಣೆಯನ್ನು ತೊಳೆದು ಹಾಕುತ್ತದೆ, ನೀರು ಆರಿದ ಮೇಲೆ ತುಕ್ಕು ಉಳಿಯುತ್ತದೆ. ಅಂಥವರಿಗೆ ಬ್ರಷ್ ಮತ್ತು ತೆಳು ಎಣ್ಣೆ ಸಾಕು.

ಪೂರ್ತಿ ಸಿಂಥೆಟಿಕ್ ಕೂಲೆಂಟ್‌ನಲ್ಲಿ ಖನಿಜ ಎಣ್ಣೆಯೇ ಇರುವುದಿಲ್ಲ. ತಂಪು ಮಾಡುವುದರಲ್ಲಿ ಜಾಣ, ಅಂಟುವುದನ್ನು ತಡೆಯುವುದರಲ್ಲಿ ಹಲವು ಹಿಂದೆ. ಸೆಮಿ-ಸಿಂಥೆಟಿಕ್ ನಡುವಿನದು. ಎರಡರಲ್ಲೂ ಅಲ್ಯೂಮಿನಿಯಂಗೆ ಆಗುತ್ತದೆ ಎಂಬ ಬರಹ ಇದ್ದರೆ ಮಾತ್ರ ಕೊಳ್ಳಿ. ಟ್ಯಾಪಿಂಗ್‌ಗೆ ಮೇಣದಂಥ ಪೇಸ್ಟ್ ಕೂಡ ಬರುತ್ತದೆ. ಟ್ಯಾಪ್‌ಗೆ ಮೆತ್ತಿಕೊಂಡು ತಿರುಗಿಸಿದರೆ ಆಯಿತು, ಸೋರುವ ಗೋಜಿಲ್ಲ.

ಹೆಜ್ಜೆ 5: ಮೊದಲು ಚೂರಿನ ಮೇಲೆ ಪರೀಕ್ಷೆ

ಹೊಸ ದ್ರವ ತಂದ ಕೂಡಲೇ ಒಳ್ಳೆಯ ಜಾಬ್ ಮೇಲೆ ಸುರಿಯಬೇಡಿ. ಅದೇ ಗ್ರೇಡಿನ ಚೂರನ್ನು ಫೇಸ್ ಮಾಡಿ ಹೊಸ ಮೈ ತೆರೆಯಿರಿ. ಒಂದು ಹನಿ ಬಿಟ್ಟು ರಾತ್ರಿಯಿಡೀ ಇಡಿ. ಬೆಳಗ್ಗೆ ಒರೆಸಿದಾಗ ಮಚ್ಚೆ ಕಂಡರೆ ಆ ದ್ರವ ಬೇಡ, ಅಥವಾ ಕೆಲಸ ಮುಗಿದ ತಕ್ಷಣ ತೊಳೆಯುವ ಶಿಸ್ತು ಬೇಕು.

ಆಮೇಲೆ ಕಟಿಂಗ್ ಪರೀಕ್ಷೆ. ಒಂದೇ ಸರಳಿನಲ್ಲಿ, ಒಂದೇ ಸ್ಪೀಡ್, ಒಂದೇ ಫೀಡ್ (ಟೂಲ್ ಮುಂದೆ ಸರಿಯುವ ದರ), ಒಂದೇ ಆಳ. ಮೊದಲು ಒಣಗಿ, ಆಮೇಲೆ ಒಂದೊಂದು ದ್ರವ. ಪ್ರತಿ ಸಲ ಟೂಲ್ ತುದಿಯನ್ನು ಹಿತ್ತಾಳೆ ಕಡ್ಡಿಯಿಂದ ಕೆರೆದು ಚೊಕ್ಕ ಮಾಡಿ. ಇಲ್ಲದಿದ್ದರೆ ಹಿಂದಿನ ಗಂಟಿನ ತಪ್ಪನ್ನು ಮುಂದಿನ ಎಣ್ಣೆಯ ತಲೆಗೆ ಕಟ್ಟಿದ ಹಾಗಾಗುತ್ತದೆ. ಉಗುರಿನಿಂದ ಮೈ ಸವರಿ, ಟೂಲ್ ತುದಿ ನೋಡಿ. ಒಣಗಿದ್ದಕ್ಕೂ ಎಣ್ಣೆ ಹಾಕಿದ್ದಕ್ಕೂ ವ್ಯತ್ಯಾಸ ಕಾಣದಿದ್ದರೆ ಆ ಕೆಲಸಕ್ಕೆ ಎಣ್ಣೆ ಬೇಡ ಎಂದೇ ಅರ್ಥ. ಖುಷಿಪಡಿ.

ಹೆಜ್ಜೆ 6: ಹಾಕುವ ರೀತಿ

ಎಣ್ಣೆ ಎಷ್ಟು ಹಾಕಿದಿರಿ ಅನ್ನುವುದಕ್ಕಿಂತ ಎಲ್ಲಿ ಬಿತ್ತು ಅನ್ನುವುದು ಮುಖ್ಯ. ಚಿಪ್ ಟೂಲನ್ನು ಬಿಟ್ಟು ಏಳುವ ಜಾಗಕ್ಕೆ ತಲುಪಬೇಕು. ಗಾಳಿಯ ಜೊತೆ ಅತಿ ಕಡಿಮೆ ಎಣ್ಣೆಯನ್ನು ಊದುವ ಎಂಕ್ಯುಎಲ್ ಎಂಬ ಪದ್ಧತಿಯಲ್ಲಿ ಗಂಟೆಗೆ 50 ಮಿ.ಲೀ.ಗಿಂತ ಕಡಿಮೆ ಎಣ್ಣೆಯಲ್ಲೇ ಕೆಲಸ ನಡೆಯುತ್ತದೆ.

ಬ್ರಷ್ ಬಳಸುವವರು ಚಿಪ್ ಏಳುವ ಕಡೆ ಕೂದಲು ಸಿಕ್ಕಿಕೊಳ್ಳದಂತೆ ಸ್ವಲ್ಪ ದೂರದಿಂದ ಹನಿಸಿ. ಚಕ್ ಕಡೆಗೆ ಕೈ ಚಾಚಬೇಡಿ. ಕೈಗವಸು, ಸಡಿಲ ತೋಳಿನ ಅಂಗಿ ತಿರುಗುವ ಲೇತ್ ಹತ್ತಿರ ಬೇಡವೇ ಬೇಡ. ಉದ್ದ ಸುರುಳಿ ಬಂದರೆ ಲೇತ್ ನಿಲ್ಲಿಸಿ ಕೊಕ್ಕೆಯಿಂದ ತೆಗೆಯಿರಿ. ಬ್ಲೇಡಿನಷ್ಟೇ ಹರಿತ ಅದು. ಒಳಗಿನ ಬೋರ್‌ಗೆ ಗಾಳಿ ಊದುವುದಾದರೆ ಒತ್ತಡ ಕಡಿಮೆ ಇಟ್ಟು, ಕನ್ನಡಕ ಹಾಕಿಕೊಂಡು ಊದಿ.

ಕೊನೆಯ ಅಳತೆಯ ಪಾಸ್‌ಗೆ ಮುಂಚೆ ಜಾಬ್ ತಣ್ಣಗಾಗಲಿ. ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತದೆ. 50 ಮಿ.ಮೀ. ಜಾಬ್ 20 ಡಿಗ್ರಿ ಬಿಸಿಯಾದರೆ ವ್ಯಾಸ ಸುಮಾರು 0.023 ಮಿ.ಮೀ. ಜಾಸ್ತಿ ತೋರಿಸುತ್ತದೆ. ಬೇರಿಂಗ್ ಕೂರಿಸುವ ಜಾಗವಾದರೆ ಅಷ್ಟೇ ಸಾಕು ಕೆಲಸ ಕೆಡಲು. ಒಣಗಿ ಜೋರಾಗಿ ರಫ್ ಮಾಡಿದವರು ಇದನ್ನು ನೆನಪಿಡಿ. ಕೂಲೆಂಟ್ ಹರಿಸುವವರಿಗೆ ಈ ತಲೆನೋವು ಕಡಿಮೆ.

ಹೆಜ್ಜೆ 7: ಕೆಲಸ ಮುಗಿದ ಮೇಲೆ

ನೀರಿನ ಕೂಲೆಂಟ್ ಬಳಸಿದ್ದರೆ ಜಾಬ್ ತೊಳೆದು ಒರೆಸಿ, ಬೆಡ್ ಒರೆಸಿ ಮತ್ತೆ ಎಣ್ಣೆ ಹಚ್ಚಿ. ಆನೊಡೈಸಿಂಗ್ (ವಿದ್ಯುತ್ತಿನಿಂದ ಮೈ ಮೇಲೆ ಆಕ್ಸೈಡ್ ಪದರ ಬೆಳೆಸುವುದು), ವೆಲ್ಡಿಂಗ್, ಪೇಂಟ್‌ಗೆ ಹೋಗುವ ಜಾಬ್ ಆದರೆ ಜಿಡ್ಡು ಪೂರ್ತಿ ಹೋಗಲೇಬೇಕು. ಸಿಲಿಕೋನ್ ಇರುವ ಸ್ಪ್ರೇಗಳನ್ನು ಅಂಥ ಜಾಬ್‌ಗೆ ಮೊದಲಿನಿಂದಲೇ ದೂರ ಇಡಿ, ಅದು ತೊಳೆದರೂ ಸುಲಭವಾಗಿ ಬಿಡುವುದಿಲ್ಲ. ತೊಳೆಯಲು ಕಾಸ್ಟಿಕ್ ಸೋಡಾ ಬೇಡ, ಜಾಬನ್ನೇ ತಿನ್ನುತ್ತದೆ.

ಎಣ್ಣೆಯಾಗಲಿ ಕೂಲೆಂಟ್ ಆಗಲಿ ದಿನವೂ ಕೈಗೆ ತಾಗುತ್ತಿದ್ದರೆ ಚರ್ಮ ಬಿರಿಯುತ್ತದೆ, ತುರಿಕೆ ಬರುತ್ತದೆ. ಕೆಲಸ ಮುಗಿದ ಮೇಲೆ ಸಾಬೂನಿನಿಂದ ತೊಳೆಯಿರಿ, ಸೀಮೆಎಣ್ಣೆಯಿಂದಲ್ಲ. ಮಂಜು ಏಳುತ್ತಿದ್ದರೆ ಕಿಟಕಿ ತೆರೆಯಿರಿ. ಬಳಸಿ ಹಳತಾದ ಕೂಲೆಂಟನ್ನು ಚರಂಡಿಗೆ ಸುರಿಯಬೇಡಿ, ಬಳಸಿದ ಎಣ್ಣೆ ತೆಗೆದುಕೊಳ್ಳುವವರಿಗೆ ಕೊಡಿ.

ಚಿಪ್ಸ್ ಬಗ್ಗೆ ಒಂದು ಎಚ್ಚರಿಕೆ. ಒದ್ದೆಯಾದ ಸಣ್ಣ ಅಲ್ಯೂಮಿನಿಯಂ ಪುಡಿಯನ್ನು ಮುಚ್ಚಳ ಬಿಗಿದ ಡಬ್ಬದಲ್ಲಿ ಇಡಬೇಡಿ. ನೀರಿನ ಜೊತೆ ಸೇರಿ ನಿಧಾನವಾಗಿ ಹೈಡ್ರೋಜನ್ ಬಿಡಬಹುದು. ನೀರು ಸೋಸಿ, ಗಾಳಿಯಾಡುವ ಡಬ್ಬದಲ್ಲಿ ಹಾಕಿ. ಉಕ್ಕಿನ ಚಿಪ್ಸ್ ಜೊತೆ ಬೆರೆಸದಿದ್ದರೆ ಗುಜರಿಯಲ್ಲಿ ಬೆಲೆಯೂ ಚೆನ್ನಾಗಿ ಸಿಗುತ್ತದೆ. ಅಕಸ್ಮಾತ್ ಅಲ್ಯೂಮಿನಿಯಂ ಪುಡಿಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಉರಿ ಇನ್ನೂ ಜೋರಾಗುತ್ತದೆ. ಲೋಹದ ಬೆಂಕಿಗೆಂದೇ ಬರುವ ಡಿ ವರ್ಗದ ಪುಡಿ ಅಥವಾ ಚೆನ್ನಾಗಿ ಒಣಗಿದ ಮರಳನ್ನು, ಪುಡಿ ಮೇಲೇಳದ ಹಾಗೆ ಮೆಲ್ಲಗೆ ಮುಚ್ಚಬೇಕು. ಆ ಮರಳಿನ ಡಬ್ಬ ಲೇತ್‌ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ಕೈಗೆ ಸಿಗುವ ಕಡೆ ಇರಲಿ.